ಒಬ್ರೇ ನಡೆಸೋ ಝೀನ್ ಡಿಸ್ಟ್ರೋ: ನಾಲ್ಕು ಆರ್ಡರು, ಒಂದು ವಾಪಸ್ಸು, ಹತ್ತು ಕಾಪಿ ಕನ್ಸೈನ್‌ಮೆಂಟು

ಮೊದ್ಲೇ ಹೇಳ್ಬಿಡ್ತೀನಿ, ಈ ರಿವ್ಯೂನಲ್ಲಿ ಅಂಗಡಿ ಹೆಸ್ರು ಇರಲ್ಲ. ಹೆಸ್ರಿಲ್ದೆ ಇದೆಂಥಾ ರಿವ್ಯೂ ಅಂತ ಬೈಕೊಳ್ಳೋರು ಬೈಕೊಳ್ಳಿ. ಹೋದ್ಸಲ ಯಾರೋ ಇವ್ರನ್ನ ಬಾಯ್ತುಂಬಾ ಹೊಗಳಿ ಬರ್ದು, ಅದು ಎಲ್ಲಾ ಕಡೆ ಓಡಾಡಿ, ಆರು ತಿಂಗ್ಳಲ್ಲಿ ಬರೋಷ್ಟು ಆರ್ಡರ್ ಒಂದೇ ವಾರದಲ್ಲಿ ಬಂದು, ಪಾಪ ಎರಡು ತಿಂಗ್ಳು "ಅಂಗಡಿ ಮುಚ್ಚಿದೆ, ಹಳೇ ಆರ್ಡರ್ ಮುಗಿಸ್ತಾ ಇದೀನಿ" ಅಂತ ಬೋರ್ಡ್ ನೇತಾಕ್ಕೊಂಡು ಕೂತಿದ್ರು. ಇನ್ನೊಂದು ಕಾರಣ ಏನಂದ್ರೆ ನಂದು ಒಂದೆರಡು ದೂರೂ ಇದೆ, ಒಬ್ರೇ ಒಬ್ರು ನಡೆಸೋ ಅಂಗಡಿ ಹೆಸ್ರು ಹಾಕಿ ದೂರು ಬರ್ಯೋದು ಅಂದ್ರೆ ನೇರ ಆ ಮನುಷ್ಯರ ಮನೆ ಬಾಗ್ಲಿಗೆ ಹೋಗಿ ಕೂಗಾಡಿದ ಹಾಗೆ. ಪೋಸ್ಟಲ್ಲಿ ಝೀನ್ ತರಿಸ್ಕೊಳ್ಳೋ ಅಭ್ಯಾಸ ಇರೋರಿಗೆ ಓದ್ತಾ ಓದ್ತಾ ಇದು ಯಾರು ಅಂತ ಹೊಳೆದ್ರೂ ಹೊಳೀಬೋದು, ಹೊಳೆದ್ರೆ ಬಾಯ್ಮುಚ್ಕೊಂಡಿರಿ.

ಝೀನ್ ಅಂದ್ರೇನು ಅಂತ ಗೊತ್ತಿಲ್ದೋರಿಗೆ ಎರಡು ಮಾತು. ಯಾರೋ ಒಬ್ರು ಮನೇಲಿ ಕೂತು ಬರ್ದು, ಚಿತ್ರ ಕತ್ತರಿಸಿ ಅಂಟಿಸಿ, ಝೆರಾಕ್ಸ್ ಮಾಡ್ಸಿ, ಮಡಚಿ, ಮಧ್ಯಕ್ಕೆ ಎರಡು ಪಿನ್ ಹೊಡೆದು ಐವತ್ತೋ ನೂರೋ ಕಾಪಿ ಮಾಡೋ ಪುಟ್ಟ ಪತ್ರಿಕೆ. ಫ್ಯಾನ್‌ಝೀನ್ ಅನ್ನೋ ಪದ ಹುಟ್ಟಿಸಿದ್ದು 1940ರಲ್ಲಿ ಲೂಯಿಸ್ ರಸೆಲ್ ಶೊವೆನೆ ಅನ್ನೋ ಸೈನ್ಸ್ ಫಿಕ್ಷನ್ ಅಭಿಮಾನಿ, ಬರ್ತಾ ಬರ್ತಾ ಫ್ಯಾನ್ ಉದುರೋಗಿ ಝೀನ್ ಮಾತ್ರ ಉಳ್ಕೊಂಡ್ತು. ಡಿಸ್ಟ್ರೋ ಅಂದ್ರೆ ಡಿಸ್ಟ್ರಿಬ್ಯೂಷನ್ ಅನ್ನೋ ಪದದ ಬಾಲ ಕತ್ತರಿಸಿದ್ದು, ಇಂಥ ಹತ್ತಾರು ಜನ ಮಾಡಿದ ಝೀನ್‌ಗಳನ್ನ ಒಂದ್ಕಡೆ ಸೇರ್ಸಿ ಪೋಸ್ಟಲ್ಲಿ ಮಾರೋ ಅಂಗಡಿ. ಅಂಗಡಿ ಅನ್ನೋದೂ ದೊಡ್ಡ ಮಾತೇ. ಇವ್ರದ್ದು ಒಂದು ಮೇಜು, ಮೇಜಿನ ಕೆಳಗೆ ಸಾಲಾಗಿ ಶೂ ಡಬ್ಬಗಳು, ಡಬ್ಬಕ್ಕೆ ಹಿಡಿಸೋಷ್ಟೇ ಟೈಟಲ್ಲು, ಅರವತ್ತರ ಮೇಲೆ ಇಡಲ್ಲ ಅಂತ ಕ್ಯಾಟಲಾಗಿನ ಮೊದಲ್ನೇ ಪುಟದಲ್ಲೇ ಬರ್ಕೊಂಡಿದಾರೆ, ಹೊಸದೊಂದು ಒಳಗೆ ಬರ್ಬೇಕಂದ್ರೆ ಹಳೇದೊಂದು ಖಾಲಿ ಆಗ್ಬೇಕು. ಹೊಟ್ಟೆಪಾಡಿಗೆ ಬೇರೆ ಕೆಲ್ಸ ಇದೆ, ಇದು ರಾತ್ರಿ ಮತ್ತೆ ಶನಿವಾರದ ಕೆಲ್ಸ. ಚೀಟಿಗಳಲ್ಲಿ ಬರೀ ಒಂದಕ್ಷರದ ಸಹಿ ಇರುತ್ತೆ, ಗಂಡಸೋ ಹೆಂಗಸೋ ಅಂತ ನಂಗೆ ಇವತ್ತಿನವರೆಗೂ ಗೊತ್ತಿಲ್ಲ, ಕೇಳೋ ಸಂದರ್ಭಾನೂ ಬರ್ಲಿಲ್ಲ.

ಮೊದಲ್ನೇ ಆರ್ಡರ್ ಹಾಕಿದಾಗ ನಂಗೆ ಸಿಟ್ಟೇ ಬಂದಿತ್ತು. ಭಾನುವಾರ ಐದು ಝೀನ್‌ಗೆ ದುಡ್ಡು ಕಟ್ಟಿದೆ, ಸೋಮವಾರ ಇಲ್ಲ ಮಂಗಳವಾರ ಇಲ್ಲ ಬುಧವಾರ "ಹೊರಟಿದ್ಯಾ" ಅಂತ ಮೇಲ್ ಹಾಕಿದೆ, ಉತ್ತರ ಇಲ್ಲ, ಶುಕ್ರವಾರದ ಹೊತ್ತಿಗೆ ದುಡ್ಡು ಗುಳುಂ ಅಂತ ತೀರ್ಮಾನ ಮಾಡ್ಕೊಂಡಿದ್ದೆ, ಶನಿವಾರ ರಾತ್ರಿ ಒಂದು ಸಾಲಿನ ಉತ್ತರ ಬಂತು: "ನಾನು ಪ್ಯಾಕ್ ಮಾಡೋದು ಶನಿವಾರ ಮಾತ್ರ, ಆರ್ಡರ್ ಪೇಜಲ್ಲಿ ಬರ್ದಿದೀನಿ, ನೀವು ಓದಿಲ್ಲ." ಹೋಗಿ ನೋಡಿದ್ರೆ ಹೌದು, ಬರ್ದಿದೆ, ಅದೂ ದಪ್ಪ ಅಕ್ಷರದಲ್ಲಿ. ಒಂದ್ಸಲಕ್ಕೆ ಇಪ್ಪತ್ತು ಕವರ್ ಅಂಟಿಸಿ ಒಂದೇ ಸಲ ಪೋಸ್ಟಾಫೀಸಿಗೆ ಹೋಗೋದಕ್ಕೂ ದಿನಾ ಎರಡೆರಡು ಕವರ್ ಹಿಡ್ಕೊಂಡು ಕ್ಯೂ ನಿಲ್ಲೋದಕ್ಕೂ ಇರೋ ವ್ಯತ್ಯಾಸ ನಂಗೆ ಆಮೇಲೆ ಅರ್ಥ ಆಯ್ತು, ನಂದೇ ಝೀನ್ ನಾನೇ ಆರು ಜನಕ್ಕೆ ಪೋಸ್ಟ್ ಮಾಡೋಕೆ ಹೋಗಿ ಒಂದು ಮಧ್ಯಾಹ್ನ ಪೂರ್ತಿ ಕಳ್ಕೊಂಡಾಗ. ಆದ್ರೂ "ನೀವು ಓದಿಲ್ಲ" ಅನ್ನೋದನ್ನ ಇನ್ನೊಂಚೂರು ಮೆತ್ತಗೆ ಹೇಳ್ಬೋದಿತ್ತು.

ಪಾರ್ಸೆಲ್ ಬಂದ ಮೇಲೆ ಸಿಟ್ಟು ಇಳೀತು. ಕವರ್ ಒಳಗೆ ಎರಡು ರಟ್ಟು, ಮಧ್ಯದಲ್ಲಿ ಝೀನ್‌ಗಳು, ರಟ್ಟು ಯಾವ್ದೋ ಹಳೇ ಡಬ್ಬದಿಂದ ಕತ್ತರಿಸಿದ್ದು, ಆದ್ರೆ ಝೀನ್‌ಗಿಂತ ಎಲ್ಲಾ ಕಡೆಯಿಂದಲೂ ಒಂದು ಬೆರಳು ದೊಡ್ಡದಿತ್ತು. ಇದು ಸಣ್ಣ ವಿಷಯ ಅನ್ಸುತ್ತೆ, ಅಲ್ಲ. ಬೇರೆ ಎರಡು ಕಡೆಯಿಂದ ನಾನು ತರ್ಸಿದೀನಿ, ಅವ್ರೂ ರಟ್ಟು ಇಡ್ತಾರೆ, ಝೀನ್ ಅಳತೆಗೆ ಸರಿಯಾಗಿ ಇಡ್ತಾರೆ, ಪೆಟ್ಟು ಬೀಳೋದು ಯಾವಾಗ್ಲೂ ಮೂಲೆಗೆ ಅಲ್ವಾ, ರಟ್ಟಿನ ಮೂಲೆ ಜೊತೆಗೇ ಝೀನಿನ ಮೂಲೆನೂ ನಜ್ಜುಗುಜ್ಜಾಗಿ ಬರುತ್ತೆ. ಇವ್ರ ನಾಲ್ಕು ಪಾರ್ಸೆಲ್ಲಲ್ಲಿ ಒಂದೇ ಒಂದು ಮೂಲೆ ಮಡಚಿತ್ತು. ಟ್ರ್ಯಾಕಿಂಗ್ ಇಲ್ಲ, ಅದು ಬೇಕಂದ್ರೆ ಟ್ರ್ಯಾಕಿಂಗ್ ಇರೋ ಪೋಸ್ಟಲ್ಲೇ ಕಳ್ಸಬೇಕು, ಆಗ ಅಂಚೆ ಖರ್ಚು ಝೀನ್‌ಗಿಂತ ಜಾಸ್ತಿ ಆಗುತ್ತೆ, ಮೂಗಿಗಿಂತ ಮೂಗುತಿ ಭಾರ.

ಈಗ ಇವ್ರ ಅಂಗಡಿಗೆ ನಾನು ಯಾಕೆ ಮತ್ತೆ ಮತ್ತೆ ಹೋಗ್ತೀನಿ ಅನ್ನೋ ವಿಷಯಕ್ಕೆ ಬರ್ತೀನಿ. ಕ್ಯಾಟಲಾಗು. ಅರವತ್ತು ಝೀನ್, ಅರವತ್ತನ್ನೂ ಪೂರ್ತಿ ಓದಿ ಬರ್ದಿದಾರೆ. ಓದಿದಾರೆ ಅಂತ ಹೆಂಗೆ ಗೊತ್ತು ಅಂದ್ರೆ, ಓದ್ದೆ ಇಂಥದ್ದು ಬರ್ಯೋಕಾಗಲ್ಲ. ಒಂದು ಝೀನ್ ಬಗ್ಗೆ ಹೀಗಿದೆ: "ಹನ್ನೊಂದನೇ ಪುಟ ತಲೆಕೆಳಗಾಗಿದೆ. ಬೇಕಂತಲೇ ಹಾಗೆ ಮಾಡಿದ್ದು ಅಂತ ಮಾಡಿದೋರು ಹೇಳ್ತಾರೆ. ನಂಗೆ ನಂಬಿಕೆ ಇಲ್ಲ." ಇನ್ನೊಂದರ ಬಗ್ಗೆ: "ಮೊದಲ ಅರ್ಧ ಬೋರು, ತಾತನ ಕನ್ನಡಕದ ಭಾಗ ಬಂದ್ಮೇಲೆ ಕೆಳಗಿಡೋಕಾಗಲ್ಲ." ಮತ್ತೊಂದಕ್ಕೆ ಬರೀ ಇಷ್ಟು: "ಅಕ್ಷರ ತುಂಬಾ ಚಿಕ್ಕದು. ನಲವತ್ತು ದಾಟಿದೋರು ಯೋಚ್ನೆ ಮಾಡಿ." ತಾನೇ ಮಾರೋ ಮಾಲಿನ ಬಗ್ಗೆ ಇಷ್ಟು ನಿಜ ಹೇಳೋ ಅಂಗಡಿ ನಾನು ಬೇರೆ ನೋಡಿಲ್ಲ. ಝೀನ್ ವಿಷಯದಲ್ಲಿ ಇದು ಎಷ್ಟು ಮುಖ್ಯ ಅಂದ್ರೆ ನಾವು ದುಡ್ಡು ಕೊಡೋಕೆ ಮುಂಚೆ ಅದನ್ನ ತಿರುವಿ ಹಾಕಿ ನೋಡೋಕಾಗಲ್ಲ, ಬೇರೆ ಎಲ್ಲೂ ಅದರ ವಿಮರ್ಶೆ ಇರಲ್ಲ, ಮಾಡಿದೋರ ಹೆಸ್ರು ಯಾರಿಗೂ ಗೊತ್ತಿರಲ್ಲ, ಬಹಳಷ್ಟಕ್ಕೆ ಐಎಸ್‌ಬಿಎನ್ (ಪುಸ್ತಕಗಳಿಗೆ ಕೊಡೋ ಗುರುತಿನ ನಂಬರು) ಕೂಡ ಇರಲ್ಲ, ಮಾಮೂಲಿ ಪುಸ್ತಕದಂಗಡಿಯ ಕಂಪ್ಯೂಟರಿಗೆ ಇಂಥದ್ದೊಂದು ಇದೆ ಅಂತಾನೇ ಗೊತ್ತಾಗಲ್ಲ. ಆ ನಾಲ್ಕು ಸಾಲು ನಂಬ್ಕೊಂಡೇ ತಗೋಬೇಕು. ಬೇರೆ ಡಿಸ್ಟ್ರೋಗಳಲ್ಲಿ ಝೀನ್ ಮಾಡಿದೋರೇ ಬರ್ದು ಕಳ್ಸಿದ ವಿವರಣೆಯನ್ನ ಹಾಗೇ ಹಾಕಿರ್ತಾರೆ, ಎಲ್ಲವೂ "ಮನಮುಟ್ಟುವ", ಎಲ್ಲವೂ "ವಿಶಿಷ್ಟ".

ಈ ಬರವಣಿಗೆಗೆ ಒಂದು ಹಳೇ ವಂಶಾವಳಿನೂ ಇದೆ. 1982ರಲ್ಲಿ ಮೈಕ್ ಗಂಡರ್‌ಲಾಯ್ ಅನ್ನೋರು ಅಮೆರಿಕದಲ್ಲಿ ಫ್ಯಾಕ್ಟ್‌ಶೀಟ್ ಫೈವ್ ಅಂತ ಒಂದು ಝೀನ್ ಶುರು ಮಾಡಿದ್ರು, ಅದರ ಕೆಲ್ಸಾನೇ ಬೇರೆ ಝೀನ್‌ಗಳ ಬಗ್ಗೆ ನಾಲ್ಕಾರು ಸಾಲು ಬರ್ದು ಜೊತೆಗೆ ವಿಳಾಸ, ಬೆಲೆ ಕೊಡೋದು, ಇಂಟರ್ನೆಟ್ ಇಲ್ದಿರೋ ಕಾಲದಲ್ಲಿ ಜನ ಅದನ್ನ ನೋಡ್ಕೊಂಡು ಅಪರಿಚಿತರಿಗೆ ಕಾಗದ ಬರ್ದು ಝೀನ್ ತರಿಸ್ತಿದ್ರು. ನೋಟನ್ನ ಯಾರಿಗೂ ಕಾಣದ ಹಾಗೆ ಕಾಗದದೊಳಗೆ ಮಡಚಿಟ್ಟು ಕಳ್ಸೋದು, ತನ್ನದೇ ವಿಳಾಸ ಬರ್ದು ಸ್ಟಾಂಪ್ ಹಚ್ಚಿದ ಕವರ್ ಒಳಗಿಡೋದು, ಹೊರದೇಶ ಆದ್ರೆ ಉತ್ತರದ ಅಂಚೆ ಖರ್ಚಿಗೆ ಅಂತ ಇಂಟರ್‌ನ್ಯಾಷನಲ್ ರಿಪ್ಲೈ ಕೂಪನ್ ಇಡೋದು. ಆ ಕೂಪನ್ 1906ರಲ್ಲೇ ದೇಶಗಳ ಮಧ್ಯೆ ಒಪ್ಪಂದ ಆದ ವ್ಯವಸ್ಥೆ, 1920ರಲ್ಲಿ ಚಾರ್ಲ್ಸ್ ಪೋಂಜಿ ಜನಕ್ಕೆ ಟೋಪಿ ಹಾಕಿದ್ದು ಇದೇ ಕೂಪನ್ ವ್ಯಾಪಾರದ ಕಥೆ ಹೇಳ್ಕೊಂಡು. ಇರ್ಲಿ, ಎಲ್ಲಿಗೋ ಹೋದೆ. ನಮ್ಮ ಡಿಸ್ಟ್ರೋದೋರು ಈಗ್ಲೂ ದುಡ್ಡಿನ ಬದ್ಲು ಅಂಚೆಚೀಟಿ ಕಳ್ಸಿದ್ರೂ ತಗೋತಾರೆ, ನಿಮ್ಮ ಝೀನ್ ಕೊಟ್ಟು ಇನ್ನೊಂದು ಝೀನ್ ತಗೊಳ್ಳೋ ವಿನಿಮಯಕ್ಕೂ ಒಪ್ತಾರೆ, ಆದ್ರೆ ವಿನಿಮಯ ಬರೀ ಅವ್ರು ಸ್ವಂತ ಮಾಡಿದ ಝೀನ್‌ಗೆ, ಬೇರೆಯೋರದ್ದಕ್ಕಲ್ಲ. ಸರಿಯಾದ ರೂಲು, ಬೇರೆಯೋರ ಝೀನ್ ಇವ್ರು ವಿನಿಮಯಕ್ಕೆ ಕೊಟ್ರೆ ಮಾಡಿದೋರಿಗೆ ದುಡ್ಡು ಎಲ್ಲಿಂದ ಬರ್ಬೇಕು.

ಕ್ಯಾಟಲಾಗಲ್ಲಿ ಇನ್ನೊಂದು ಕಾಲಂ ಇದೆ, ತೂಕ. ಶುರುನಲ್ಲಿ ನಗು ಬಂತು, ಝೀನ್ ತೂಕ ಕಟ್ಕೊಂಡು ನಂಗೇನು ಅಂತ. ಆಮೇಲೆ ಗೊತ್ತಾಯ್ತು, ಪೋಸ್ಟಲ್ಲಿ ಮಾರೋರಿಗೆ ತೂಕಾನೇ ದೇವ್ರು. ಎ0 ಹಾಳೆ ಒಂದು ಚದರ ಮೀಟರು, ಎ4 ಅದರ ಹದಿನಾರನೇ ಒಂದು ಭಾಗ, ಹಾಗಾಗಿ 80 ಜಿಎಸ್ಎಂ, ಅಂದ್ರೆ ಚದರ ಮೀಟರಿಗೆ 80 ಗ್ರಾಂ ತೂಗೋ ಕಾಗದದ ಒಂದು ಎ4 ಹಾಳೆ ಸರಿಯಾಗಿ 5 ಗ್ರಾಂ. ಎ4 ಅರ್ಧಕ್ಕೆ ಮಡಚಿ ಮಾಡೋ, ಒಳಗೆ 24 ಪುಟ ಇರೋ ಎ5 ಝೀನ್ ಅಂದ್ರೆ ಆರು ಹಾಳೆ, 30 ಗ್ರಾಂ, ಮುಖಪುಟ 120 ಜಿಎಸ್ಎಂ ಆದ್ರೆ ಇನ್ನೊಂದು 7.5 ಗ್ರಾಂ, ಅದರ ಮೇಲೆ ರಟ್ಟು, ಕವರ್, ಟೇಪು. ಅಂಚೆ ದರ ನಿಧಾನಕ್ಕೆ ಏರಲ್ಲ, ಒಂದು ತೂಕದ ಮಿತಿ ದಾಟಿದ ತಕ್ಷಣ ಮೆಟ್ಟಿಲು ಹತ್ತಿದ ಹಾಗೆ ಏರುತ್ತೆ, ಒಂದು ಗ್ರಾಂ ಜಾಸ್ತಿ ಆದ್ರೂ ಮೇಲಿನ ಮೆಟ್ಟಿಲಿನ ದುಡ್ಡು. ಮೂರನೇ ಆರ್ಡರಲ್ಲಿ ಇವ್ರೇ ಮೇಲ್ ಹಾಕಿದ್ರು, "ನಿಮ್ಮ ಕವರಲ್ಲಿ ಇನ್ನೂ 12 ಗ್ರಾಂ ಜಾಗ ಇದೆ, ಎರಡು ಮಿನಿ ಹಾಕ್ಲಾ?" ಮಿನಿ ಅಂದ್ರೆ ಒಂದೇ ಎ4 ಹಾಳೆಯನ್ನ ಮಡಚಿ ಮಧ್ಯಕ್ಕೊಂದು ಸೀಳು ಕೊಟ್ಟು ಎಂಟು ಪುಟ ಮಾಡೋದು, ಪಿನ್ ಕೂಡ ಬೇಡ, 5 ಗ್ರಾಂ. ಹಾಕಿ ಅಂದೆ. ಇದು ವ್ಯಾಪಾರದ ಚಾಲಾಕಿತನಾನೂ ಹೌದು, ನಂಗೂ ಲಾಭಾನೇ.

ತಪ್ಪುಗಳು ಆಗಿಲ್ವಾ ಅಂದ್ರೆ ಆಗಿವೆ. ಎರಡನೇ ಆರ್ಡರಲ್ಲಿ ನಾನು ಕೇಳಿದ್ದು ಹಳೇ ಟೈಪ್‌ರೈಟರ್ ರಿಬ್ಬನ್‌ಗಳ ಬಗ್ಗೆ, ಬಂದಿದ್ದು ಯಾರೋ ತನ್ನ ಬೆಕ್ಕಿಗೆ ಬರ್ದ ಪತ್ರಗಳು. ಫೋಟೋ ತೆಗ್ದು ಕಳ್ಸಿದೆ, ಆ ಶನಿವಾರ ಸರಿಯಾದದ್ದು ಹೊರಡ್ತು, ಬೆಕ್ಕಿನ ಝೀನ್ ವಾಪಸ್ ಕೊಡೋಕೆ ಅಂಚೆ ಖರ್ಚು ದಂಡ, ನೀವೇ ಇಟ್ಕೊಳ್ಳಿ ಅಂದ್ರು. ಅದರ ದುಡ್ಡು ಮಾಡಿದೋರಿಗೆ ಹೋಯ್ತಾ ಅಂತ ಕೇಳಿದೆ, ಹೋಯ್ತು, ನನ್ನ ಜೇಬಿಂದ ಅಂದ್ರು. ಬೆಕ್ಕಿನ ಪತ್ರಗಳು ಚೆನ್ನಾಗಿದ್ವು ಅನ್ನೋದು ಬೇರೆ ಮಾತು.

ಮೂರನೇ ಪಾರ್ಸೆಲ್ಲಲ್ಲಿ ಇಂಕಿನ ಗಲಾಟೆ. ರೈಸೋ ಪ್ರಿಂಟಿನ ಒಂದು ಝೀನ್ ಇತ್ತು, ಕಣ್ಣಿಗೆ ಹೊಡ್ಯೋ ಗುಲಾಬಿ ಬಣ್ಣ, ಅದರ ಬಣ್ಣ ಪಕ್ಕದ ಬಿಳೀ ಮುಖಪುಟದ ಮೇಲೆ ಮೆತ್ಕೊಂಡಿತ್ತು. ರೈಸೋ ಮಷೀನ್ ಜಪಾನಿನ ರೈಸೋ ಕಾಗಾಕು ಕಂಪನಿದು, ಹೊರಗಿಂದ ಝೆರಾಕ್ಸ್ ಮಷೀನ್ ಥರಾನೇ ಕಾಣುತ್ತೆ, ಒಳಗೆ ಮಾತ್ರ ಹಳೇ ಸೈಕ್ಲೋಸ್ಟೈಲಿನ ಮೊಮ್ಮಗ: ಮಾಸ್ಟರ್ ಹಾಳೇಲಿ ಸಣ್ಣ ಸಣ್ಣ ತೂತು ಸುಟ್ಟು, ಅದನ್ನ ಬಣ್ಣದ ಡ್ರಮ್ಮಿಗೆ ಸುತ್ತಿ, ತೂತಿನ ಮೂಲಕ ಇಂಕು ಕಾಗದಕ್ಕೆ ಇಳೀಬೇಕು, ಒಂದು ಡ್ರಮ್ಮಿಗೆ ಒಂದೇ ಬಣ್ಣ. ಝೆರಾಕ್ಸಿನ ಪುಡಿ ಶಾಖಕ್ಕೆ ಕರಗಿ ಕಾಗದಕ್ಕೆ ಅಂಟ್ಕೊಳುತ್ತೆ, ರೈಸೋ ಇಂಕು ಹಾಗಲ್ಲ, ಕಾಗದದೊಳಗೆ ಇಂಗ್ಬೇಕು, ಗಾಢ ಬಣ್ಣ ತುಂಬಿಸಿದ ಕಡೆ ತಿಂಗಳುಗಟ್ಲೆ ಆದ್ರೂ ಬೆರಳಿಗೆ ಹತ್ತುತ್ತೆ. ಇದು ಡಿಸ್ಟ್ರೋ ನಡೆಸೋರಿಗೆ ಗೊತ್ತಿರ್ಬೇಕಾದ ಸಂಗತಿ, ನಾನು ಗೊಣಗ್ದೆ. ನಾಲ್ಕನೇ ಪಾರ್ಸೆಲ್ಲಿಂದ ರೈಸೋ ಝೀನ್‌ಗಳಿಗೆ ಬಟರ್ ಪೇಪರ್ ಸುತ್ತಿ ಬರ್ತಿದೆ. ನನ್ನ ಗೊಣಗಾಟದಿಂದಾನೇ ಅಂತ ನಾನು ಅಂದ್ಕೊಂಡಿದೀನಿ, ಅವ್ರೇನೂ ಹೇಳ್ಲಿಲ್ಲ.

ನಿಜವಾದ ತಲೆನೋವು ಸ್ಟಾಕು. ಪೇಜಲ್ಲಿ ಇದೆ ಅಂತ ತೋರ್ಸುತ್ತೆ, ದುಡ್ಡು ಕಟ್ಟಿದ್ಮೇಲೆ ಶನಿವಾರ ಡಬ್ಬ ತೆಗ್ದು ನೋಡ್ತಾರೆ, ಇಲ್ಲ, ರೀಫಂಡ್. ಎರಡ್ಸಲ ಆಯ್ತು ನಂಗೆ. ಅರವತ್ತು ಟೈಟಲ್, ಟೈಟಲ್ಲಿಗೆ ಐದೋ ಹತ್ತೋ ಕಾಪಿ, ಇಷ್ಟು ಎಣಿಸಿ ಬರ್ದಿಡೋಕೆ ಒಂದು ಎಕ್ಸೆಲ್ ಶೀಟ್ ಸಾಕಲ್ವಾ ಸ್ವಾಮಿ. ಇದೆ ಅಂತಾರೆ, ಅಪ್‌ಡೇಟ್ ಮಾಡೋದು ಮರ್ತೋಗುತ್ತಂತೆ. ರೀಫಂಡ್ ಮಾತ್ರ ಆಗಿಂದಾಗ್ಲೇ ಬರುತ್ತೆ, ಅಂಚೆ ಖರ್ಚಿನ ವ್ಯತ್ಯಾಸಾನೂ ಲೆಕ್ಕ ಹಾಕಿ ಸೇರ್ಸಿ.

ಇಲ್ಲಿವರೆಗೆ ಗಿರಾಕಿಯಾಗಿ ಹೇಳಿದ್ದು. ಇನ್ನು ನಾನೂ ಒಂದು ಝೀನ್ ಮಾಡಿ ಇವ್ರಿಗೆ ಕೊಟ್ಟ ಕಥೆ, ಇಲ್ಲಿ ಅಂಗಡಿಯ ಒಳಭಾಗ ಕಾಣುತ್ತೆ.

ನನ್ನ ಝೀನ್ ಛತ್ರಿ ರಿಪೇರಿ ಬಗ್ಗೆ. ನಗ್ಬೇಡಿ. ಕಡ್ಡಿ ಮುರಿದ್ರೆ ಏನ್ಮಾಡ್ಬೇಕು, ಬಟ್ಟೆ ಕಡ್ಡಿಯಿಂದ ಬಿಟ್ಕೊಂಡ್ರೆ ಯಾವ ದಾರದಲ್ಲಿ ಹೊಲೀಬೇಕು, ಬಟನ್ ಒತ್ತಿದ್ರೂ ಬಿಚ್ಕೊಳ್ದಿದ್ರೆ ಸ್ಪ್ರಿಂಗ್ ಎಲ್ಲಿ ಸಿಕ್ಕಾಕ್ಕೊಂಡಿರುತ್ತೆ, ಎಲ್ಲಾ ನನ್ನದೇ ಕೈಚಿತ್ರ, 24 ಪುಟ. ನಲವತ್ತು ಕಾಪಿ ಮಾಡಿ ಒಂದನ್ನ ಸ್ಯಾಂಪಲ್ಲಿಗೆ ಅಂತ ಕಳ್ಸಿದೆ. ಐದು ವಾರ ಸುದ್ದಿ ಇಲ್ಲ. ಆರನೇ ವಾರ ಝೀನ್ ವಾಪಸ್ ಬಂತು, ಜೊತೆಗೆ ಎರಡು ಪುಟದ ಕಾಗದ. ಬೇಡ ಅಂತ.

ಬೇಸರ ಆಯ್ತು, ಆಗ್ದೆ ಇರುತ್ತಾ. ಆದ್ರೆ ಆ ಕಾಗದ ನಾನು ಇವತ್ತಿಗೂ ಮೇಜಿನ ಮೇಲೆ ಅಂಟಿಸ್ಕೊಂಡಿದೀನಿ. ಒಂದು, ನಾನು ಪಿನ್ ಹೊಡೆದದ್ದು ಉಲ್ಟಾ, ಪಿನ್ನಿನ ಕಾಲುಗಳು ಬೆನ್ನಿನ (ಝೀನ್ ಮಡಚಿದ ಕಡೆಯ) ಹೊರಗಡೆ ಮಡಚ್ಕೊಂಡಿದ್ವು, ಡಬ್ಬದೊಳಗೆ ಪಕ್ಕದ ಝೀನಿನ ಮುಖಪುಟ ಗೀರ್ಬಿಡುತ್ತೆ, ಕಾಲು ಯಾವಾಗ್ಲೂ ಒಳಗೇ ಮಡಚ್ಕೊಬೇಕು. ಎರಡು, ಪ್ರಿಂಟರ್ ಕಾಗದದ ಅಂಚಿನವರೆಗೂ ಒತ್ತಲ್ಲ, ನಾಲ್ಕೈದು ಮಿಲಿಮೀಟರ್ ಬಿಟ್ಬಿಡುತ್ತೆ, ಅದನ್ನ ಲೆಕ್ಕಕ್ಕೆ ತಗೊಳ್ದೆ ನಾನು ಅಂಚಿಗೆ ಬರ್ದಿದ್ದ ಟಿಪ್ಪಣಿಗಳೆಲ್ಲ ಅರ್ಧರ್ಧ ಕಟ್ ಆಗಿದ್ವು, ಹೊಲಿಗೆ ಹಾಕೋ ಕ್ರಮದ ನಾಲ್ಕನೇ ಹೆಜ್ಜೆನೇ ಇರ್ಲಿಲ್ಲ ಅಂತೆ. ಮೂರನೇದು ನಂಗೆ ಗೊತ್ತೇ ಇರ್ಲಿಲ್ಲ: ಏಳು ಹಾಳೆ ಒಟ್ಟಿಗೆ ಇಟ್ಟು ಮಡಚಿದಾಗ ಒಳಗಿನ ಹಾಳೆಗಳು ಹೊರಗೆ ತಳ್ಕೊಂಡು ಬರ್ತವೆ, ಅಂಚು ಸಮ ಮಾಡೋಕೆ ಅಂತ ಕತ್ತರಿಸಿದ್ರೆ ಮಧ್ಯದ ಪುಟಗಳ ಹೊರ ಮಾರ್ಜಿನ್ನೇ ಜಾಸ್ತಿ ಹೋಗುತ್ತೆ, ಹಾಗಾಗಿ ಮಧ್ಯದ ಪುಟಗಳಲ್ಲಿ ಬರಹವನ್ನ ಒಂಚೂರು ಬೆನ್ನಿನ ಕಡೆಗೆ ಸರಿಸಿಡ್ಬೇಕು. ನನ್ನ ಪುಟಸಂಖ್ಯೆ 12, 13 ಕಾಣೆಯಾಗಿದ್ದು ಯಾಕೆ ಅಂತ ಅವತ್ತು ಗೊತ್ತಾಯ್ತು, ನಾನು ಝೆರಾಕ್ಸ್ ಅಂಗಡಿಯೋನ ಮೇಲೆ ರೇಗಾಡಿದ್ದೆ ಪಾಪ. ಕೊನೇಲಿ ಹೀಗಿತ್ತು: "ವಿಷಯ ಚೆನ್ನಾಗಿದೆ. ನೀವು ಹೇಳಿದ ಹಾಗೆ ಮಾಡಿ ನನ್ನ ಛತ್ರಿ ಸರಿ ಮಾಡ್ಕೊಂಡೆ, ನಾಲ್ಕನೇ ಹೆಜ್ಜೆ ಊಹೆ ಮಾಡ್ಕೊಂಡೆ. ತಿದ್ದಿ ಕಳ್ಸಿ."

ಉದ್ದ ಕೈಯಿನ ಸ್ಟೇಪ್ಲರ್ ತಗೊಂಡಿದ್ದು ಆಮೇಲೇ. ಮಾಮೂಲಿ ಸ್ಟೇಪ್ಲರ್ ಹಾಳೆ ಮಧ್ಯಕ್ಕೆ ಮುಟ್ಟಲ್ಲ, ಎ4 ಹಾಳೆ ಅರ್ಧಕ್ಕೆ ಮಡಚಿದ್ರೆ ಬೆನ್ನು ಅಂಚಿಂದ 148.5 ಮಿಲಿಮೀಟರ್ ದೂರ. ಅಲ್ಲಿವರೆಗೆ ನಾನು ರಬ್ಬರ್ ಹಾಳೆ ಮೇಲೆ ಝೀನ್ ಇಟ್ಟು ಸ್ಟೇಪ್ಲರ್ ಬಿಚ್ಚಿ ಗುದ್ದಿ, ಕಾಲುಗಳನ್ನ ಚಮಚದ ಹಿಂಭಾಗದಲ್ಲಿ ಮಡಚ್ತಿದ್ದೆ, ಉಲ್ಟಾ ಆಗ್ದೆ ಇನ್ನೇನಾಗುತ್ತೆ. ಮಾಮೂಲಿ 24/6 ಸೈಜಿನ ಪಿನ್ನೇ ಸಾಕು, ದೊಡ್ಡದು ತಗೊಂಡ್ರೆ ಇಷ್ಟು ತೆಳು ಝೀನ್‌ಗೆ ಕಾಲು ಉದ್ದ ಆಗುತ್ತೆ.

ತಿದ್ದಿ ಮತ್ತೆ ಕಳ್ಸಿದೆ, ಈ ಸಲ ಒಪ್ಕೊಂಡ್ರು, ಹತ್ತು ಕಾಪಿ ಕನ್ಸೈನ್‌ಮೆಂಟು. ಅಂದ್ರೆ ಅವ್ರು ಮುಂಚೆ ದುಡ್ಡು ಕೊಡಲ್ಲ, ಮಾರಾಟ ಆದ್ಮೇಲೆ ಮುಖಬೆಲೆಯಲ್ಲಿ ನಂಗೆ 60 ಭಾಗ, ಅವ್ರಿಗೆ 40. ಕೆಲವು ಡಿಸ್ಟ್ರೋಗಳು ಅರ್ಧ ಬೆಲೆ ಕೊಟ್ಟು ಮುಂಗಡವಾಗೇ ಕೊಂಡ್ಕೊತಾರೆ, ಅದು ಮಾಡಿದೋರಿಗೆ ನೆಮ್ಮದಿ, ಡಿಸ್ಟ್ರೋಗೆ ರಿಸ್ಕು, ಮಾರಾಟ ಆಗ್ಲಿಲ್ಲ ಅಂದ್ರೆ ಅವ್ರ ಮೇಜಿನ ಕೆಳಗೇ ಕೊಳೀಬೇಕು. ನಲವತ್ತು ಜಾಸ್ತಿ ಆಯ್ತು ಅಂತ ನನ್ನ ಸ್ನೇಹಿತ ಒಬ್ಬ ರೇಗಿಸ್ದ, ಕೂತು ಲೆಕ್ಕ ಹಾಕಿದ್ವಿ. ಮುಖಬೆಲೆ ನೂರು ಅಂತ ಇಟ್ಕೊಳ್ಳಿ. ಪೇಮೆಂಟ್ ಕಂಪನಿ ಪ್ರತಿ ಆರ್ಡರಿಗೆ ಒಂದು ನಿಗದಿ ಮೊತ್ತ, ಅದರ ಮೇಲೆ ಶೇಕಡಾವಾರು ಕತ್ತರಿಸುತ್ತೆ, ಅದೂ ಬರೀ ಝೀನ್ ಬೆಲೆ ಮೇಲಲ್ಲ, ಗಿರಾಕಿ ಕಟ್ಟಿದ ಅಂಚೆ ಖರ್ಚಿನ ಮೇಲೂ. ಒಂದೇ ಝೀನಿನ ಆರ್ಡರ್ ಆದ್ರೆ ಆ ನಿಗದಿ ಮೊತ್ತನೇ ದೊಡ್ಡ ಹೊಡ್ತ. ಆಮೇಲೆ ಕವರು, ಟೇಪು, ಲೇಬಲ್ಲು, ಬಟರ್ ಪೇಪರು, ಕಳ್ದೋದ ಪಾರ್ಸೆಲ್ಲಿಗೆ ಮತ್ತೊಂದು ಕಳ್ಸೋದು, ತಪ್ಪಾಗಿ ಹೋದ ಬೆಕ್ಕಿನ ಪತ್ರ. ಇಪ್ಪತ್ತು ಉಳಿದ್ರೆ ಅವ್ರ ಪುಣ್ಯ, ಅದಕ್ಕೇ ನಿಮಗೆ ಮೂರು ನಾಲ್ಕು ಝೀನ್ ಒಟ್ಟಿಗೆ ತಗೊಳ್ಳಿ ಅಂತ ಬೇಡ್ಕೊಳ್ಳೋದು. ನನ್ನ ಅರವತ್ತರಲ್ಲಿ ಹದಿನಾಲ್ಕು ಮುಖದ ಝೆರಾಕ್ಸು, ದಪ್ಪ ಮುಖಪುಟ, ಅವ್ರಿಗೆ ಕಳ್ಸಿದ ಅಂಚೆ ಖರ್ಚು ಕಳೆದ್ರೆ ನಾನೂ ಸಾಹುಕಾರ ಏನಾಗಲ್ಲ. ಸ್ನೇಹಿತ ಸುಮ್ನಾದ. ಇಬ್ರೂ ಸೇರಿ ಯಾರಿಗಾಗಿ ಈ ಕೆಲ್ಸ ಮಾಡ್ತಿದೀರಾ ಅಂತ ಕೇಳಿ ಎದ್ದೋದ, ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ಲೆಕ್ಕ ಮೂರು ತಿಂಗ್ಳಿಗೊಂದ್ಸಲ ಕೊಡ್ತೀನಿ ಅಂತ ಒಪ್ಪಂದ, ಒಂದೇ ಪುಟ, ಇಬ್ರೂ ಸಹಿ. ಮೊದಲ್ನೇ ಲೆಕ್ಕ ಸಮಯಕ್ಕೆ ಬಂತು, ನಾಲ್ಕು ಮಾರಾಟ. ಎರಡನೇದು ಏಳು ವಾರ ತಡ. ಎರಡ್ಸಲ ಕೇಳಿದೆ, ಕೇಳೋದಕ್ಕೆ ನಾಚ್ಕೆ ಬೇರೆ, ಇಷ್ಟು ಚಿಲ್ಲರೆ ದುಡ್ಡಿಗೆ. ಇದೇ ನನ್ನ ದೊಡ್ಡ ದೂರು ನೋಡಿ. ಪಾರ್ಸೆಲ್ ಒಂದು ವಾರ ತಡ ಆದ್ರೆ ಓದೋರಿಗೆ ನಷ್ಟ ಇಲ್ಲ, ಝೀನ್ ಹಳಸಲ್ಲ. ಲೆಕ್ಕ ತಡ ಆದ್ರೆ ಝೀನ್ ಮಾಡೋನು ಮುಂದಿನ ಸಂಚಿಕೆ ಮಾಡ್ಬೇಕಾ ಬೇಡ್ವಾ ಅಂತಾನೇ ಗೊತ್ತಾಗ್ದೆ ಕೂತಿರ್ತಾನೆ, ನಾನು ಎರಡನೇ ಪ್ರಿಂಟ್ ಹಾಕ್ಸೋದನ್ನ ಅದಕ್ಕೇ ನಿಲ್ಲಿಸಿದ್ದೆ. ಚಿಕ್ಕ ಡಿಸ್ಟ್ರೋಗಳು ಎಲ್ಲಾ ಕಡೆ ಎಡವೋದು ಇಲ್ಲೇ, ಮಾರಿದ ದುಡ್ಡು ಎಲ್ಲಾ ಒಂದೇ ಖಾತೆಗೆ ಬೀಳುತ್ತೆ, ಅದರಲ್ಲಿ ಯಾವ್ದು ತನ್ನದು ಯಾವ್ದು ಮಾಡಿದೋರ ಅರವತ್ತು ಅಂತ ಬೇರೆ ಮಾಡಿ ಇಡ್ದಿದ್ರೆ ಕವರ್ ಟೇಪಿಗೆ ಅಂತ ಖರ್ಚಾಗೋಗುತ್ತೆ. ಇವ್ರು ಹಾಗೆ ಮಾಡ್ಕೊಂಡಿದಾರೆ ಅಂತ ನಾನು ಹೇಳ್ತಿಲ್ಲ, ಯಾಕಂದ್ರೆ ಕೊನೆಗೆ ಬಂದಾಗ ಪೈಸೆ ಪೈಸೆ ಸರಿಯಾಗಿತ್ತು.

ಆ ಲೆಕ್ಕದಲ್ಲಿ ಎರಡು ಮಾರಾಟ ಅಂತಿತ್ತು, ಕೆಳಗೆ ಇನ್ನೊಂದು ಸಾಲು: "ಒಂದು ಕಾಪಿ ಕಿಟಕಿ ಮುಚ್ಚೋದು ಮರ್ತು ಮಳೇಲಿ ನೆಂದಿದೆ. ನನ್ನ ತಪ್ಪು, ಮಾರಾಟ ಅಂತಾನೇ ಲೆಕ್ಕ ಹಾಕಿದೀನಿ." ಛತ್ರಿ ರಿಪೇರಿ ಝೀನ್, ಮಳೇಲಿ ನೆಂದು ಹೋಯ್ತಂತೆ. ಅರ್ಧ ಗಂಟೆ ನಕ್ಕಿದೀನಿ. ಹೇಳ್ದೆ ಇದ್ದಿದ್ರೆ ನಂಗೆ ಯಾವ ಕಾಲಕ್ಕೂ ಗೊತ್ತಾಗ್ತಿರ್ಲಿಲ್ಲ, ಇನ್ನೂ ನಾಲ್ಕು ಉಳಿದಿದೆ ಅಂದಿದ್ರೆ ನಂಬ್ತಿದ್ದೆ.

ಸ್ಟಾರ್ ಕೊಡ್ಬೇಕಂದ್ರೆ ಐದಕ್ಕೆ ನಾಲ್ಕು. ಕಳೆದ ಒಂದರಲ್ಲಿ ಅರ್ಧ ಆ ಏಳು ವಾರಕ್ಕೆ, ಅರ್ಧ ಸ್ಟಾಕಿಗೆ. ನಾಳೆ ಬೆಳಿಗ್ಗೆನೇ ಕೈಗೆ ಬರ್ಬೇಕು, ಪಾರ್ಸೆಲ್ ಎಲ್ಲಿದೆ ಅಂತ ಗಂಟೆಗೊಂದ್ಸಲ ನೋಡ್ಬೇಕು ಅನ್ನೋರು ಇಂಥ ಕಡೆ ಆರ್ಡರ್ ಮಾಡ್ಬೇಡಿ, ನಿಮಗೂ ಬಿಪಿ ಅವ್ರಿಗೂ ಬಿಪಿ. ಝೀನ್ ಮಾಡೋರಾದ್ರೆ ಯಾವ ಡಿಸ್ಟ್ರೋಗೆ ಕೊಡೋಕೆ ಮುಂಚೆನೂ ಮೂರು ವಿಷಯ ಬರವಣಿಗೇಲಿ ಕೇಳ್ಕೊಳ್ಳಿ, ಲೆಕ್ಕ ಯಾವಾಗ, ಹಾಳಾದ್ರೆ ಯಾರ ಖರ್ಚು, ಉಳಿದ ಕಾಪಿ ವಾಪಸ್ ಕಳ್ಸೋ ಅಂಚೆ ಖರ್ಚು ಯಾರದ್ದು. ಕೊನೇದನ್ನ ನಾನು ಕೇಳಿರ್ಲಿಲ್ಲ. ನನ್ನ ಮೂರು ಕಾಪಿ ಇನ್ನೂ ಆ ಶೂ ಡಬ್ಬದಲ್ಲೇ ಇವೆ, ಪೇಜಲ್ಲಿ ಮಾತ್ರ ನಾಲ್ಕು ಅಂತ ತೋರಿಸ್ತಿದೆ.

ಈಗ್ತಾನೇ ಐದನೇ ಆರ್ಡರ್ ಹಾಕಿದೆ. ಇವತ್ತು ಭಾನುವಾರ.